ಏಳು ಗಂಟೆಗೆ ಸಾಯುವ ಮೋಡೆಮ್

ಮಾರ್ಚ್ ೯, ೧೯೯೮. ಸೋಮವಾರ, ಬೆಳಿಗ್ಗೆ ೮.೪೦

ಇವತ್ತು ಕಣ್ಣಿಗೆ ಬಿದ್ದದ್ದು: ಲಾರಿ ಆಫೀಸಿನ ಫೋನ್ ವೈರು ಕಿಟಕಿಯ ಹತ್ತಿರ ಎರಡಾಗಿದೆ. ಒಂದು ನನ್ನ ಟೇಬಲ್ಲಿಗೆ, ಇನ್ನೊಂದು ಮೇಲೆ ಸಾಹುಕಾರರ ಮನೆಗೆ. ಎರಡರ ಮೇಲೂ ಅದಿರಿನ ಕೆಂಪು ದೂಳು.

ಫೋನ್ ಲೈನಿನಲ್ಲಿ ಇಂಟರ್ನೆಟ್ ತರುವ ಎರಡು ಮೋಡೆಮ್‌ಗಳ ಪರೀಕ್ಷೆ, ಐದನೆಯ ದಿನ. ಏಳಕ್ಕೆ ಕಂಪ್ಯೂಟರ್ ಅಂಗಡಿಯ ಮೂಕಣ್ಣ ತಂದುಕೊಟ್ಟ ಎಕ್ಸ್-ಟು, ಎಂಟಕ್ಕೆ ಬಳ್ಳಾರಿಯ ಅಂಗಡಿಯವರ ಕೆ-ಫ್ಲೆಕ್ಸ್. ಎರಡು ಡಬ್ಬಿಯ ಮೇಲೂ ವೇಗ ೫೬ ಕೆ ಎಂದಿದೆ. ನಮ್ಮ ಲೈನಿನಲ್ಲಿ ಎರಡೂ ೩೧ ದಾಟಿಲ್ಲ. ಆದರೆ ಎಕ್ಸ್-ಟು ದಿನಾ ಅರ್ಧಕ್ಕೇ ಕಟ್. ಫ್ಲೆಕ್ಸ್ ಒಮ್ಮೆಯೂ ಇಲ್ಲ... ಬರೆದುಕೊಂಡೆ. ಕನ್ನಡ ಎಂ.ಎ. ಮಾಡಿ ಮೋಡೆಮ್ಮಿನ ಕಿರುಚಾಟ ಕೇಳುತ್ತ ಕೂತಿದ್ದೇನೆ. ಕಣ್ಣು ಉರಿ.

ಮಾರ್ಚ್ ೧೦

ಸಾಹುಕಾರ ತೋಟಪ್ಪನವರು ಪಟ್ಟಿ ನೋಡಿದರು. "ಮೂಕಣ್ಣಂದು ವಾಪಸ್ ಕಳಸವ್ವ. ಸಂಡೂರು, ತೋರಣಗಲ್ಲು, ಎಲ್ಲಾ ಆಫೀಸಿಗೂ ಬಳ್ಳಾರಿಯವರದ ತರಸೋಣ. ಶುಕ್ರವಾರ ರಿಪೋರ್ಟಿಗೆ ಸಹಿ ಮಾಡಿ ಕೊಡು."

ಮೂಕಣ್ಣ ಬಾಗಿಲಲ್ಲೇ ನಿಂತಿದ್ದ. ಬಸ್‌ಸ್ಟ್ಯಾಂಡ್ ಎದುರು ಅಂಗಡಿ ತೆರೆದು ಮೂರೇ ತಿಂಗಳು. ಇದೇ ಮೊದಲ ದೊಡ್ಡ ಆರ್ಡರ್ ಆಗುತ್ತಿತ್ತು. "ನಿಮ್ಮ ಕೈಯಾಗ ಮಾತ್ರ ಯಾಕ ಸಾಯ್ತತ್ರಿ ಮೇಡಂ? ನನ್ನ ಅಂಗಡ್ಯಾಗ ಕುದುರಿ ಓಡಿದಂಗ ಓಡತೈತಿ!"

ಶುಕ್ರವಾರದ ತನಕ ಇನ್ನೂ ನೋಡುತ್ತೇನೆ ಎಂದೆ.

ಮಾರ್ಚ್ ೧೨, ಬೆಳಿಗ್ಗೆ ೭.೨೦

ಎಕ್ಸ್-ಟು ಮತ್ತೆ ಕಟ್. ಸಾಹುಕಾರರ ತಾಯಿ ಹಂಪಮ್ಮ ಚಹಾ ಹಿಡಿದು ಇಳಿದು ಬಂದರು.

"ಏನವ್ವ, ಫೋನಿನ್ಯಾಗ ಬೆಕ್ಕು ಹೊಕ್ಕಂಡೈತೇನು? ಎತ್ತಿದ್ರ ಕಿರ್ರ್ ಅಂತತಿ. ದಿನಾ ಏಳಕ್ಕ ಕಂಪ್ಲಿಯಿಂದ ತಂಗಿ ಜಂಬಿ ಫೋನ್ ಮಾಡ್ತಿದ್ಳು. ವಾರಾತು, ಸುದ್ದೀನ ಇಲ್ಲ. ಸಿಟ್ಟಾಗ್ಯಾಳೇನೋ. ಫೋನಿಗೆ ಜೀವ ಐತೋ ಇಲ್ಲೋ ಅಂತ ಎತ್ತಿ ಎತ್ತಿ ನೋಡ್ತೀನಿ."

ಚಹಾ ಕೆಳಗಿಟ್ಟು ಕಿಟಕಿಯ ಕಡೆ ನೋಡಿದೆ. ವೈರು ಎರಡು... ಲೈನು ಒಂದೇ. ಏಳಕ್ಕೆ ಅದನ್ನು ಹಿಡಿದಿಟ್ಟು ಜಂಬಿಯ ಫೋನ್ ತಡೆದವಳು ನಾನು. ಹಂಪಮ್ಮ ಮೇಲೆ ರಿಸೀವರ್ ಎತ್ತಿದೊಡನೆ ಮೋಡೆಮ್ ಕಟ್. ಎಂಟಕ್ಕೆ ಅವರು ಎತ್ತುವುದಿಲ್ಲ, ಫ್ಲೆಕ್ಸ್ ಬದುಕುತ್ತದೆ.

ಹೇಳಿಬಿಟ್ಟರೆ? ಹೋದ ವರ್ಷ ಫ್ಯಾಕ್ಸ್ ಅರ್ಧಕ್ಕೆ ನಿಂತಾಗ ಸಾಹುಕಾರರು ಕೂಗಿದ್ದು ನೆನಪಿದೆ — "ಯವ್ವಾ, ಇನ್ನೊಮ್ಮಿ ಎತ್ತಿದ್ರ ಮ್ಯಾಲಿನ ಫೋನ್ ತಗಸಿಬಿಡ್ತೀನಿ!"

ಹೇಳದಿದ್ದರೆ ಮೂಕಣ್ಣನ ಗತಿ...

ಮಾರ್ಚ್ ೧೩, ಶುಕ್ರವಾರ, ೯.೧೦

ಏಳಕ್ಕೆ ಏನೂ ಹಚ್ಚಲಿಲ್ಲ. ಏಳೂ ಐದಕ್ಕೆ ಫೋನ್ ಬಡಿದುಕೊಂಡಿತು. ನಾನು ಎತ್ತಲಿಲ್ಲ. ಮೇಲಿನಿಂದ ಕೂಗು — "ಲೇ ಜಂಬೀ, ಸತ್ತೀ ಅಂದ್ಕಂಡಿದ್ನೆಲೇ!" ನಗು ಮೆಟ್ಟಿಲಿಳಿದು ಬಂತು.

ಎಂಟಕ್ಕೆ ಎಕ್ಸ್-ಟು: ೩೧. ಒಂದು ತಾಸು, ಕಟ್ ಇಲ್ಲ. ಫ್ಲೆಕ್ಸಿಗಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹಳೆಯ ರಿಪೋರ್ಟು ಹರಿದೆ. ಹೊಸದರಲ್ಲಿ: ಎರಡೂ ಸಮ. ಏಳರ ಹೊತ್ತಿಗೆ ಲೈನಿಗೆ ಬಿಡುವಿರುವುದಿಲ್ಲ, ಹೊತ್ತು ಅದಲುಬದಲು ಮಾಡಿ ನೋಡದಿದ್ದದ್ದು ನನ್ನ ತಪ್ಪು. ಬೈಯಲಿ. ಮೇಲಿನ ಫೋನಿನ ವಿಷಯ ಬರೆಯುವುದಿಲ್ಲ. ನಾಳೆಯಿಂದ ಎಂಟರವರೆಗೆ ಲೈನು ಹಂಪಮ್ಮನದು.