ಮೂವತ್ತಾರು ಇಂಚಿನ ಅಡಿಗೆಕಟ್ಟೆ

ಸೇಡಂ
9 ನವೆಂಬರ್ 2025, ರವಿವಾರ

ಶಹಾಬಾದದಲ್ಲಿ ಕಲ್ಲಿನ ಮಾಲಕರೂ ಕಾಗದಪತ್ರದಲ್ಲಿ ಇನ್ನೂ ನನ್ನ ಯಜಮಾನರೂ ಆದ ಕಾಶೀನಾಥರಿಗೆ ಶೈಲಶ್ರೀಯ ಶರಣು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ; ಪತ್ರಕ್ಕೆ ಆ ಕಾಟವಿಲ್ಲ. ಹದಿನಾಲ್ಕು ತಿಂಗಳ ಮೇಲೆ ಬರೆಯುತ್ತಿರುವುದಕ್ಕೆ ಕಾರಣ ಒಂದೇ. ಇಲ್ಲಿ ನಾನು ಎರಡು ಖೋಲಿಯ ಮನೆ ಕಟ್ಟಿಸುತ್ತಿದ್ದೇನೆ, ಅದರ ಅಡಿಗೆಕಟ್ಟೆಗೆ ಕಲ್ಲು ಆರಿಸಿದ್ದೇನೆ. ಹೆಸರಿನಲ್ಲೇ ಶೈಲ ಹೊತ್ತವಳು, ಮೇಲೆ ಕಲ್ಲಿನ ವ್ಯಾಪಾರಿಯ ಹೆಂಡತಿ. ಕಲ್ಲಿನ ವಿಷಯಕ್ಕೆ ಯಾರನ್ನು ಕೇಳಬೇಕು? ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಆರಿಸಿದ್ದು ಹೀಗೆ. ಕರಿ ಗ್ರಾನೈಟಿನದೊಂದು ತುಂಡು, ಪಾಲಿಶ್ ಹಾಕಿದ ನಮ್ಮ ಶಹಾಬಾದ ಕಲ್ಲಿನದೊಂದು ತುಂಡು ತರಿಸಿದೆ. ಎರಡಕ್ಕೂ ಹುಳಿ ಪುಂಡಿಪಲ್ಯ ಬಡಿಸಿ ಕಾಲೇಜಿಗೆ ಪಾಠ ಮಾಡಲು ಹೋದೆ. ಕಲ್ಲಿಗೆ ಊಟ ಬಡಿಸುವುದು ನನಗೆ ಹೊಸದಲ್ಲ, ಹನ್ನೊಂದು ವರ್ಷದ ರೂಢಿ. ಸಂಜೆ ಬಂದು ಒರೆಸಿದರೆ ಗ್ರಾನೈಟ್ ಏನೂ ಆಗದವರ ಹಾಗೆ ಹೊಳೆಯುತ್ತಿತ್ತು. ಶಹಾಬಾದ ಕಲ್ಲಿನ ಮೇಲೆ ಹುಳಿ ತಿಂದ ಮಂಕು ಕಲೆ. ಆದರೆ ಮರುದಿನ ಅದರ ಮೇಲೆ ಜೋಳದ ರೊಟ್ಟಿ ಬಡಿದು ನೋಡಿದೆ. ತಣ್ಣನೆಯ ಕಲ್ಲು, ರೊಟ್ಟಿ ತಾನೇ ತಿರುಗಿದ ಹಾಗೆ ತಿರುಗಿತು. ಹಾಗಾಗಿ ಒಲೆಯ ಬದಿಗೆ ಗ್ರಾನೈಟ್, ರೊಟ್ಟಿಯ ಬದಿಗೆ ಶಹಾಬಾದ.

ಆ ಶಹಾಬಾದ ತುಂಡು ತಂದುಕೊಟ್ಟವನು ನಿಮ್ಮ ಪಾಲಿಶ್ ಮಶೀನಿನ ನಬೀಸಾಬ್. ಮಾಲಕರಿಗೆ ಹೇಳಬೇಡ ಎಂದಿದ್ದೆ. ಅವನು ತಲೆ ಕೆರೆದುಕೊಂಡು, "ಮಾಲಕರೇ ಹತ್ತು ಫರ್ಸಿಕಲ್ಲು ತಿರುವಿ ಹಾಕಿ ಇದನ್ನ ತೆಗದು ಕೊಟ್ಟಾರ್ರಿ ವೈನಿ, ಬರೇ ನಿನ್ನ ಹೆಸರ್ಲೆ ಕೊಡು ಅಂದಾರ" ಎಂದ. ಪಾಪ, ಕಲ್ಲಿಗೆ ಪಾಲಿಶ್ ಹಾಕುತ್ತಾನೆ, ಮಾತಿಗೆ ಬರುವುದಿಲ್ಲ. ನಾನು ಕೇಳಿಸಿಕೊಂಡೇ ಇಲ್ಲ ಎಂದು ತಿಳಿಯಿರಿ.

ಆಮೇಲೆ ಕಟ್ಟೆ ಕಟ್ಟುವ ಗೌಂಡಿ ಅಂಬರಾಯ ಟೇಪು ಹಿಡಿದು ಬಂದ. ಬಂದವನು ಟೇಪು ಬಿಚ್ಚಲೇ ಇಲ್ಲ. ಯಾಕಪ್ಪಾ ಎಂದರೆ, "ಮನಿ ಯಜಮಾನ್ರು ಬರ್ಲಿ ಮೇಡಂ, ಅಳತಿ ತಗೋತೀನಿ" ಅಂದ. ಯಾರ ಅಳತೆ ಎಂದೆ. "ಅವ್ರದೇರಿ. ಎಲ್ಲಾ ಮನ್ಯಾಗೂ ಟೇಪ್ ಮುಂದ ಗಂಡಸ್ರೇ ನಿಂತಿರ್ತಾರ. ಅವ್ರ ನಡಾ ಎಲ್ಲಿಗಿ ಬರ್ತದ, ಅಲ್ಲಿಗಿ ಕಟ್ಟಿ."

ಹನ್ನೊಂದು ವರ್ಷದ ಒಗಟು ಆಗ ಬಿಚ್ಚಿಕೊಂಡಿತು. ಶಹಾಬಾದದ ನಮ್ಮ ಕಟ್ಟೆ ಮೂವತ್ತಾರು ಇಂಚು ಯಾಕೆ ಎಂದರೆ, ಚಹಾ ಸಹ ಕಾಸದ ಆರಡಿ ಮನುಷ್ಯರ ನಡುವಿಗೆ ಅಳೆದದ್ದು. ಅದರ ಮುಂದೆ ನಾಲ್ಕಡಿ ಹತ್ತಿಂಚಿನ ನಾನು. ನೀವು ನನಗೆ ಮಣೆ ಹಾಕಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ಹಾಕಿದಿರಿ, ಅದರ ಮೇಲೆ ನಿಂತು ಒಗ್ಗರಣೆ ಹಾಕಲಿ ಎಂದು.

ಹೆಗಲು ಹಿಡಿದುಕೊಂಡಾಗ ಡಾಕ್ಟರು ಕಟ್ಟೆ ಇಳಿಸಿರಿ ಎಂದರು. ನೀವು ಅಂದದ್ದು ನನಗೆ ಅಕ್ಷರಶಃ ನೆನಪಿದೆ: "ಒಮ್ಮೆ ಕೂಡಿಸಿದ ಗ್ರಾನೈಟ್ ಇಳಸ್ಲಿಕ್ಕ ಬರಲ್ಲ. ನೀನೇ ಹೊಂದ್ಕೋ." ಅಂದವರು ಹಗಲೆಲ್ಲ ಕಲ್ಲು ಕೊಯ್ಯಿಸುವವರು. ನಾನು ನಕ್ಕೆ. ನಗು ಬಂದಿತ್ತೆಂದಲ್ಲ.

ಇನ್ನೊಂದು ಮಾತು. ಸೇಡಮಿಗೆ ವರ್ಗಾವಣೆ ಆಯಿತು ಅಂತ ನಿಮಗೂ ಓಣಿಗೂ ಹೇಳಿ ಬಂದೆನಲ್ಲ, ಅದು ಆದದ್ದಲ್ಲ, ಮಾಡಿಸಿಕೊಂಡದ್ದು. ಮಣೆಯ ಮೇಲೆ ನಿಂತು, ಅದೇ ಕಟ್ಟೆಯ ಮೇಲೆ ಹಾಳೆ ಇಟ್ಟು ಅರ್ಜಿ ಬರೆದೆ. ಬರೆಯಲಿಕ್ಕೆ ಮಾತ್ರ ಆ ಎತ್ತರ ಭಾಳ ಚಲೋ ಇತ್ತು.

ಅಂಬರಾಯನ ಟೇಪಿನ ಮುಂದೆ ನಾನೇ ನಿಂತೆ. ದರ್ಜಿಯನ್ನು ಬಿಟ್ಟರೆ ನನ್ನ ಅಳತೆ ತೆಗೆದುಕೊಂಡ ಮೊದಲ ಮನುಷ್ಯ ಅವನು. ಮೂವತ್ತು ಇಂಚು ಬಂತು. ಗಿಡ್ಡ ಆಗ್ತದ, ನೋಡಿದವರು ನಗ್ತಾರ ಎಂದು ಗೊಣಗಿದ. ನೋಡುವವರು ರೊಟ್ಟಿ ಬಡಿಯುವುದಿಲ್ಲವಲ್ಲ ಎಂದೆ. ಈಗ ಶಹಾಬಾದ ಕಲ್ಲು ಅಲ್ಲಿ ಕೂತಿದೆ. ಮೊಣಕೈ ಬಾಗುವಲ್ಲಿ ಬಾಗುತ್ತದೆ, ಹೆಗಲು ಸುಮ್ಮನಿದೆ. ನಿಮ್ಮ ಆಯ್ಕೆ ಕೆಟ್ಟದ್ದಲ್ಲ; ಕಲ್ಲಿನ ಮಟ್ಟಿಗೆ.

ಇದೇ ಹದಿನೇಳಕ್ಕೆ, ಸೋಮವಾರ, ಒಲೆ ಹಚ್ಚುತ್ತೇನೆ.

ಇಂತಿ,
ಮಣೆಯಿಂದ ಕೆಳಗಿಳಿದ
ಶೈಲಶ್ರೀ

ತಾ.ಕ.: ಒಲೆಯ ಬದಿಯ ಗ್ರಾನೈಟನ್ನು ಮೂವತ್ತಾರು ಇಂಚಿಗೇ ಇಡಿಸಿದ್ದೇನೆ. ನಿಮಗ ಎಟಕಲ್ರಿ ಮೇಡಂ ಎಂದ ಅಂಬರಾಯ. ಇದು ನನಗಲ್ಲ ಎಂದೆ. ಪುಂಡಿ ಸೊಪ್ಪು ಸೋಸಿ ಇಟ್ಟಿರುತ್ತೇನೆ, ಪಲ್ಯ ಮಾಡುವುದನ್ನು ಕಲಿತುಕೊಂಡು ಬರ್ರಿ, ರೊಟ್ಟಿ ನನ್ನವು. ಬರದಿದ್ದರೂ ಅಡ್ಡಿಯಿಲ್ಲ. ಒಮ್ಮೆ ಕೂಡಿಸಿದ ಗ್ರಾನೈಟ್ ಇಳಿಸಲಿಕ್ಕೆ ಬರುತ್ತದೋ ಇಲ್ಲವೋ ಅಂತ ಅಂಬರಾಯನನ್ನು ಕೇಳಿದ್ದೇನೆ. ಅರ್ಧ ದಿನದ ಕೆಲಸವಂತೆ.