ಯಶುವಿನ ಹುಳ ತಿನ್ನೋ ಗಿಡ

ರೀ,

ಬಸ್ಸಿನ ಹೊತ್ತಾಯ್ತು. ಮಗಳು ಯಶುನ ಕರ್ಕೊಂಡು ಅರಕಲಗೂಡಿಗೆ ಅವಳ ಸ್ಕೂಲಿಗೆ ಹೋಗ್ತಿದೀನಿ. ಸಾರು ಒಲೆ ಮೇಲೈತೆ, ಮುದ್ದೆ ಡಬ್ಬೀಲೈತೆ.

ಕಿಟಕೀಲಿರೋ ಬೆಲ್ಲದ ನೀರಿನ ಬಾಟ್ಲಿ ಎಸೀಬೇಡಿ. ಮೊನ್ನೆ ಕಸ ಅಂತ ಒಂದನ್ನ ಎಸೆದ್ರಲ್ಲ, ಮಗು ಎಷ್ಟು ಅತ್ಳು! ಅದು ಕಸ ಅಲ್ಲ ಕಣ್ರೀ, ಹುಳ ತಿನ್ನೋ ಹೂಜಿ ಗಿಡದ ಮಾದರಿ. ಒಳಗೆ ಎಣ್ಣೆ ಸವರಿದೀವಿ, ಕೂತ ನೊಣ ಜಾರಿ ಬೀಳುತ್ತೆ. ಸ್ಕೂಲಿಗೆ ಇನ್ನೊಂದು ಮಾಡಿ ತಗೊಂಡಿದೀವಿ.

ನಿನ್ನೆ ಸಂಜೆ ನೀವಿರಬೇಕಿತ್ತು. ಬೀದಿ ಮಕ್ಕಳೆಲ್ಲ ನಮ್ಮ ಜಗಲೀಲಿದ್ರು. ಯಶು ಎರಡು ಅಂಗೈನೂ ಬಾಯಿ ಥರ ತೆರೆದು ನೊಣ ಹಿಡಿಯೋ ಇನ್ನೊಂದು ಜಾತಿ ಗಿಡ ಆದ್ಲು, ಮಿಕ್ಕೋರು ನೊಣ. ಆ ಗಿಡದ ಥರಾನೇ ಒಂದ್ಸಲ ಮುಟ್ಟಿದ್ರೆ ಸುಮ್ನಿರ್ತಾಳೆ, ತಕ್ಷಣ ಮತ್ತೆ ಮುಟ್ಟಿದ್ರೆ ಪಟ್ಟಂತ ಹಿಡೀತಾಳೆ. ಪಕ್ಕದ ಮನೆ ಕಲ್ಲಮ್ಮನ ಮೊಮ್ಮಗ, "ಗಿಡ ಯಾಕೆ ಹುಳ ತಿನ್ನುತ್ತೆ? ರಾಕ್ಷಸನಾ?" ಅಂದ.

ನಾನು ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಯಶುನೇ, "ಅ... ಅಲ್ಲ ಕಣೋ, ಅದಿರೋ ಮಣ್ಣಲ್ಲಿ ಸಾರ ಇಲ್ಲ. ನಮ್ಮ ಶುಂಠಿಗೆ ಅಪ್ಪ ಗೊ... ಗೊಬ್ಬರ ಹಾಕ್ತಾರೆ. ಅದಕ್ಕೆ ಯಾರು ಹಾಕ್ತಾರೆ?" ಅಂದ್ಲು. ಆ ಶುಂಠಿ ಮಾತು ನಾನು ಹೇಳಿಕೊಟ್ಟಿದ್ದಲ್ಲ. ತೊದಲಿದ್ರೂ ನಿಲ್ಲಿಸ್ಲಿಲ್ಲ, ಯಾರೂ ನಗ್ಲಿಲ್ಲ. ನನಗೆ ಎದೆ ಉಬ್ಬೋಯ್ತು.

ಇವತ್ತು ಮಧ್ಯಾಹ್ನ ಇಡೀ ಕ್ಲಾಸಿಗೆ ಈ ಗಿಡಗಳ ಬಗ್ಗೆ ಹೇಳ್ತಾಳೆ. ಅವಳೇ ಮಿಸ್ಸನ್ನ ಕೇಳ್ಕೊಂಡಳಂತೆ! ತ್ವಾಟದಿಂದ ಬಂದು ಉಂಡು, ಒಳ್ಳೆ ಅಂಗಿ ಹಾಕ್ಕೊಂಡು ಸ್ಕೂಲಿಗೆ ಬನ್ನಿ. ಅವಳು ತಡವರಿಸಿದಾಗ ಮನೇಲಿ ಮಾಡ್ದಂಗೆ ನೀವು ಮಾತು ಮುಗಿಸಿಕೊಡಬೇಡಿ. ಸುಮ್ನೆ ಕಾಯಿರಿ. ಅವಳೇ ಮುಗಿಸ್ತಾಳೆ.

ಭಾನು