ಮಿಸೆಸ್ ಫ್ರೇಸರ್ ಕರೆದ ಹೆಸರು

ಫೆಬ್ರವರಿ 5, 1971. ಜರ್ಸಿ ಸಿಟಿ

ಮತ್ತೆ ಬಸ್ಸು, ಮತ್ತೆ ಆಸ್ಪತ್ರೆ. ಗಾಜಿನ ಈಚೆ ನಿಂತು ಮಗನನ್ನು ನೋಡಿದೆ. ದಿನ ತುಂಬಲು ಎಂಟು ವಾರ ಇರುವಾಗಲೇ ಹುಟ್ಟಿದವನು... ಇನ್‌ಕ್ಯುಬೇಟರ್ ಮೇಲೆ ಚೀಟಿ: ‘ಬೇಬಿ ಬಾಯ್ ದ್ವಾರಕಾನಾಥ್’. ಇವರ ಹೆಸರು ಮಾತ್ರ. ಅಳು ಬರಲಿಲ್ಲ.

ನರ್ಸ್ ಮಿಸೆಸ್ ಫ್ರೇಸರ್ ಮಗುವಿನ ಹೆಸರು ಕೇಳಿದಳು. ಹನ್ನೆರಡನೆಯ ದಿನದವರೆಗೆ ಇಡುವುದಿಲ್ಲ, ಮೈಸೂರಿನಿಂದ ಮಾವನವರು ಬರೆದು ಕಳಿಸಬೇಕು ಎಂದೆ. ಅಲ್ಲಿಯತನಕ ಏನೆಂದು ಕರೆಯಲಿ ಎಂದಳು.

ಫೆಬ್ರವರಿ 7

ಅವನನ್ನು ಡಂಕನ್ ಎನ್ನುತ್ತಾಳೆ! ಅವಳ ಅಪ್ಪನ ಹೆಸರಂತೆ, ಸ್ಕಾಟ್ಲೆಂಡಿನದು. ಅರ್ಥ — ಕಪ್ಪಗಿನ ಯೋಧ. ಅವರಲ್ಲೂ ಮೊದಲ ಮಗನಿಗೆ ತಾತನ ಹೆಸರೇ ಅಂತೆ. ಸಿಟ್ಟು ಬಂತು. ಹೊತ್ತಿಗೆ ಮುಂಚೆ ಕರೆಯಬಾರದು, ಅದೂ ಯಾರದೋ ಹೆಸರಿನಿಂದ.

“ಹೋಗ್ಲಿ ಬಿಡು ರಮಾ, ನಾಲ್ಕು ದಿನದ ಮಾತು” ಎಂದರು ಇವರು.

ಅವಳು ಕರೆದಾಗ ಕಾಲಾಡಿಸಿದ. ಕಂಡೆ.

ಫೆಬ್ರವರಿ 8

ಯಾರೂ ಇಲ್ಲದಾಗ ನಾನೂ ಒಮ್ಮೆ ಕರೆದೆ.

ಫೆಬ್ರವರಿ 10

ಬೆಳಿಗ್ಗೆ ಏಳೂವರೆಗೆ ಹೋಗಿಬಿಟ್ಟ. ಉಸಿರಾಟದ ತೊಂದರೆ ಎಂದರು ಡಾಕ್ಟರು. ನಾಳೆ ಹನ್ನೆರಡನೆಯ ದಿನ. ಮನೆಗೆ ಬಂದು ಅನ್ನಕ್ಕಿಟ್ಟೆ. ಎಂದಿನಂತೆ ಎರಡು ಲೋಟ.

ಫೆಬ್ರವರಿ 13

ಮಾವನವರ ಏರೋಗ್ರಾಮ್ ಕಾಗದ ಬಂತು. ಮಗು ಹುಟ್ಟಿದ ತಂತಿ ತಲುಪಿದ ದಿನವೇ ಬರೆದದ್ದು. ಮುತ್ತಜ್ಜನ ಹೆಸರಿಡಿ — ಮುಕುಂದ. ಇವರು ಓದಿ ಮಡಿಸಿಟ್ಟರು.

“ಇನ್ನೊಂದು ಮಗೂಗೆ ಇರಲಿ ರಮಾ. ಇವನು ಹೆಸರಿಡೋಕೆ ಮುಂಚೆನೇ ಹೋದ...”

ಹೂಂ ಎಂದೆ.

ಫೆಬ್ರವರಿ 16

ಡೆತ್ ಸರ್ಟಿಫಿಕೇಟಿಗೆ ಹೋಗಿದ್ದೆವು. ಹೆಸರಿನ ಜಾಗ ಖಾಲಿ. ‘ಬೇಬಿ ಬಾಯ್’ ಎಂದೇ ಹಾಕಲೇ ಎಂದಳು ಕಿಟಕಿಯಾಚೆಯ ಗುಮಾಸ್ತೆ. ಇವರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ — ಡಂಕನ್.

“ರಮಾ! ನಮ್ಮ ಮಗೂಗೆ ಇದ್ಯಾವ ಹೆಸರೇ?”

“ಅವನನ್ನ ಕರೆದಿದ್ದು ಅದೊಂದೇ ಹೆಸರಿಂದ ಅಲ್ವಾ? ಹೆಸರಿಲ್ಲದೆ ಹೇಗ್ರೀ ಕಳಿಸೋದು?”

ಫಾರಂ ತಮ್ಮ ಕಡೆ ಎಳೆದುಕೊಂಡು ಮೇಲಿಂದ ಕೆಳಗೆ ಓದಿದರು. ಆಮೇಲೆ ಸಹಿ ಹಾಕಿದರು.

ಮಾರ್ಚ್ 2

ಮೈಸೂರಿಗೆ ಇನ್ನೂ ತಿಳಿಸಿಲ್ಲ. ಇವರ ಕೈಲಿ ಆಗುವುದಿಲ್ಲವಂತೆ. ನಾನೇ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ತೀರ್ಥರೂಪ ಸಮಾನರಾದ ಮಾವನವರಿಗೆ ರಮಾಮಣಿ ಮಾಡುವ ನಮಸ್ಕಾರಗಳು. ನೀವು ಬರೆದ ಹೆಸರು ಇಡಲಾಗಲಿಲ್ಲ. ನಿಮ್ಮ ಮೊಮ್ಮಗ ಡಂಕನ್...